ಮಗುಚಿಟ್ಟ ಚೀಟಿ

ನೇರಳೆ, ಗಾಜಿನ ಮೇಲೆ ಒಣಗಿದ ತಿಳಿ ನೇರಳೆ ಬಣ್ಣ, ಬೆರಳ ತುದಿಗೂ ಅಂಟಿದೆ, ಸೋಪಿಗೆ ಜಗ್ಗಿಲ್ಲ — ದೊಡ್ಡ ಡಾಕ್ಟರು ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಎಷ್ಟು ಹೊತ್ತಾಯಿತು, ಕಿರಿಯ ಡಾಕ್ಟರು ಅವಳು, ಬಾಯಿ ಬಿಡುವಂತಿಲ್ಲ, ಮೊದಲು ನೋಡಿದವರು ಕಂಡದ್ದನ್ನು ಚೀಟಿಯಲ್ಲಿ ಬರೆದು ಮಗುಚಿಡಬೇಕು, ಎರಡನೆಯವರು ನೋಡಿ ಹೇಳುವ ತನಕ ತುಟಿಪಿಟಿಕ್ ಎನ್ನಕೂಡದು, ಆ ಕಡೆ ತಿರುಗಿಕೋ ತಾಯಿ, ನಿನ್ನ ಮುಖ ಓದಿದ್ರೆ ಸಾಕು, ಗಾಜು ನೋಡೋದೇ ಬೇಡ, ಅಂದಿದ್ದರು — ಅದಕ್ಕೇ ಕಿಟಕಿಯತ್ತ ನಿಂತಿದ್ದಾಳೆ, ಆಚೆ ಕಡಲಪ್ರಾಣಿಗಳ ಆಸ್ಪತ್ರೆಯ ಕೊಳ, ಕೊಳದ ದಂಡೆಯಲ್ಲಿ ಮಹಾರಾಣಿ, ಮೂರು ದಿನದ ಹಿಂದೆ ಹಿಂದಿನ ಈಜುಗಾಲು ಎಳೆದುಕೊಂಡು ಮರಳಿಗೆ ಬಂದು ಬಿದ್ದಿದ್ದ ಹೆಣ್ಣು ಕಡಲಸಿಂಹ, ಹೆಸರಿಟ್ಟವಳು ಮೀನು ಹಾಕುವ ಅಕ್ಕ, ಸ್ವಲ್ಪ ಬಾಡಿದ ಮೀನು ಕೊಟ್ರೆ ಮುಖಕ್ಕೇ ಎಸೀತಾಳೆ ಕಣೇ, ಮಹಾರಾಣಿ ಅಲ್ದೆ ಮತ್ತೇನು — ನಿನ್ನೆ ಸ್ಕ್ಯಾನಿನಲ್ಲಿ ಮೂತ್ರಕೋಶದ ಪಕ್ಕ ಕರಿಯ ಉಂಡೆ ಕಂಡದ್ದೇ ತಡ, ಕ್ಯಾನ್ಸರ್ ಅಂತ ಇವಳೇ ಅಂದುಬಿಟ್ಟಿದ್ದಳು, ಹೋದ ವರ್ಷ ಬಂದ ನಾಲ್ಕು ಕಡಲಸಿಂಹಗಳಿಗೂ ಅಲ್ಲೇ ಇತ್ತಲ್ಲ, ಕಣ್ಣು ನೋಡುವ ಮೊದಲೇ ನಾಲಿಗೆ ಹೇಳಿತ್ತು. ಹಾಗಿದ್ರೆ ಒದ್ದಾಡಿಸೋದು ಬೇಡ ಪಾಪ, ನಾಳೆನೇ ಮುಗಿಸಿಬಿಡೋಣ, ಅಂದಿದ್ದರು ಡಾಕ್ಟರು, ಜೀವ ತೆಗೆಯುವ ಸೂಜಿಮದ್ದು ಟ್ರೇಯಲ್ಲಿ ಸಿದ್ಧ, ಮೇಲೊಂದು ಬಿಳಿ ಬಟ್ಟೆ. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಜೀವ ಗಿಳಿಯಲ್ಲಿ, ಗಿಳಿ ಎಲ್ಲಿ ಅಜ್ಜಿ, ಪೊಟರೆಯಲ್ಲಿ, ಪೊಟರೆ ಎಲ್ಲಿ, ಮಲ್ಕೊಳ್ಳೇ ಪಿಶಾಚಿ, ನಾಳೆ ಹೇಳ್ತೀನಿ — ಇಲ್ಲಿ ಜೀವ ಇರುವುದು ಬೆರಳುದ್ದದ ಗಾಜಿನಲ್ಲಿ, ಮುಗಿಸುವ ಮೊದಲು ಖಚಿತವಾಗಲೆಂದು ಆ ಉಂಡೆಗೆ ಸೂಜಿ ಚುಚ್ಚಿ ಎಳೆದ ಹನಿಯಲ್ಲಿ. ಅವಳಿಗೆ ಕಂಡದ್ದು ಕೀವಿನ ಕಣಗಳು, ಗುಂಪು ಗುಂಪು, ನಡುವೆ ರೋಗಾಣುಗಳ ಸರ, ಕ್ಯಾನ್ಸರಿನ ಕಣ ಒಂದೂ ಇಲ್ಲ, ಒಂದೂ — ಇಲ್ಲವೋ, ಬೇಡವೆಂದು ಕಾಣಲಿಲ್ಲವೋ, ನಿನ್ನೆ ಹೆದರಿಕೆ ನೋಡಿತು, ಇವತ್ತು ಆಸೆ ನೋಡಿತೇ, ಕಣ್ಣು ನೋಡುವುದು ಯಾವಾಗ? ಅಕ್ಕ ಬಾಗಿಲಲ್ಲಿ ಇಣುಕಿ, ಏನಂತೆ, ಶ್ ಎಂದರು ಡಾಕ್ಟರು, ಅಕ್ಕ ಬಕೆಟ್ ಸಮೇತ ಅಲ್ಲೇ ಕಲ್ಲಾದಳು. ಗಾಜು ಸರಿಯುವ ಸದ್ದು, ಮತ್ತೆ ಸರಿಯುವ ಸದ್ದು, ಕುರ್ಚಿ ಕಿರ್ ಅಂತು. ಕೀವು. ಬರೀ ಕೀವು ಕಣಮ್ಮ. ಚೀಟಿ ತಿರುವಿ ನಕ್ಕರು, ಇದನ್ನ ಬರೆದೋಳು ನಿನ್ನೆ ಎಲ್ಲಿ ಹೋಗಿದ್ಲು? ಕೀವು ತೆಗೆದು, ಎರಡು ವಾರ ಔಷಧಿ ಕೊಟ್ಟು ಮತ್ತೆ ಸ್ಕ್ಯಾನ್ ಮಾಡೋಣ, ಅಲ್ಲೀ ತನಕ ಕುಣೀಬೇಡಿ — ಅಕ್ಕ ಆಗಲೇ ಬಕೆಟ್ ಬಡಿಯುತ್ತ ಓಡುತ್ತಿದ್ದಾಳೆ, ಇವಳೂ ಹಿಂದೆ, ಒದ್ದೆ ಸಿಮೆಂಟಿನ ಮೇಲೆ ಮೊಣಕಾಲೂರಿ, ಮುಖಕ್ಕೆ ಮಹಾರಾಣಿಯ ಬಿಸಿಯುಸಿರು, ಬೈದ ಹಾಗೆ, ಬೈಯಲಿ ಬಿಡು, ಬೈಯಿಸಿಕೊಳ್ಳುವುದೂ ಎಷ್ಟು ಹಿತ, ಹಸಿವೆಯಾಗುತ್ತಿದೆ, ಅಮ್ಮನಿಗೆ ಫೋನು ಮಾಡಬೇಕು, ಆಮೇಲೆ, ಆಮೇಲೆ — ಮೂಗಿನ ಎರಡು ಸೀಳು, ಮುಚ್ಚಿದ್ದವು, ತೆರೆದವು, ಎರಡು ಕಪ್ಪು ಎಲೆ, ಮುಚ್ಚಿದವು. ತೆರೆದವು. ಮುಚ್ಚಿದವು. ತೆರೆದವು.