ಉನ್ನುರ್ ಕೆರೆದ ಹೆಸರು

ನಮ್ಮ ಬೂದುಹೊಳೆಯ ಕಮರಿಯನ್ನು ನೋಡಲು ಬರುವವರಿಗೆ ಪಾಚಿಯ ಬೆಲೆ ಗೊತ್ತಿಲ್ಲ. ಹಿಮನದಿ ಕರಗಿದ ನೀರು ಸಾವಿರಾರು ವರ್ಷ ಕೊರೆದು ಮಾಡಿದ ನೂರು ಮೀಟರ್ ಆಳವನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ತಮ್ಮ ಬೂಟಿನ ಕೆಳಗೆ ಸಾಯುತ್ತಿರುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಒಂದು ಹೆಜ್ಜೆ ತುಳಿದರೆ ಆ ಗಾಯ ಮಾಯಲು ಹತ್ತಾರು ವರ್ಷ ಬೇಕು. ನಾನು ಇಲ್ಲಿ ಕಾವಲಿನ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ನನಗೆ ಬೈಯುವ ಚಟ ಹತ್ತಿದ್ದು ಇದರಿಂದಲೇ.

ಅದರಲ್ಲೂ ಒಂದು ಗಾಯ ನನ್ನ ತಲೆ ತಿನ್ನುತ್ತಿತ್ತು. ಅಂಚಿನ ಇಳಿಜಾರಿನಲ್ಲಿ ಪಾಚಿಯನ್ನು ಕಿತ್ತು ಬರೆದ ಹೆಸರು: ಉನ್ನುರ್. ಪಕ್ಕದಲ್ಲೇ ಕುರಿ ಸಾಕುವ ಆಸ್ಗೇರ್‌ನ ಮಗಳು ಅವಳು. ಎಂಟು ವರ್ಷದ ಹಿಂದೆ, ಆಗಷ್ಟೇ ಹನ್ನೊಂದು ತುಂಬಿದ್ದ ಹುಡುಗಿ, ಕೋಲಿನಲ್ಲಿ ಕೆರೆದು ಬರೆದಿದ್ದಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಕುರಿ ಇಳಿಸುವಾಗ ಕುದುರೆಯ ಸಮೇತ ಹೊಳೆಗೆ ಬಿದ್ದಳು. ಕುದುರೆ ದಡ ಹತ್ತಿತು. ಹುಡುಗಿ ಸಿಗಲೇ ಇಲ್ಲ. ಚರ್ಚಿನ ಹಿಂದೆ ಅವಳಿಗೊಂದು ಗೋರಿಯೂ ಇಲ್ಲ.

ಮೊದಲ ಐದು ವರ್ಷ ನಾನು ಅದನ್ನು ಮುಟ್ಟಲಿಲ್ಲ. ಆದರೆ ಅದನ್ನು ಕಂಡವರಿಗೆಲ್ಲ ತಮ್ಮ ಹೆಸರನ್ನೂ ಬರೆಯುವ ಚಪಲ. ಐದನೇ ವರ್ಷದ ಬೇಸಿಗೆಯೊಂದರಲ್ಲೇ ಹದಿನಾಲ್ಕು ಹೆಸರು, ಎರಡು ಹೃದಯ. ಹಾಗಾಗಿ ಮೂರು ವರ್ಷದಿಂದ ಪಾಚಿಯ ಚೂರುಗಳನ್ನು ಮಜ್ಜಿಗೆಯಲ್ಲಿ ಕಲಸಿ ಎಲ್ಲ ಗಾಯಗಳಿಗೂ ಮೆತ್ತುತ್ತಿದ್ದೇನೆ. ಉಳಿದವು ನಿಧಾನವಾಗಿ ಹಸಿರು ಹಿಡಿಯುತ್ತಿವೆ. ಉನ್ನುರ್ ಮಾತ್ರ ಪ್ರತಿ ವಸಂತದಲ್ಲೂ ಮತ್ತೆ ಕಪ್ಪಗೆ ತೆರೆದುಕೊಳ್ಳುತ್ತಿತ್ತು, ಅದೂ ಹಿಂದಿನ ವರ್ಷಕ್ಕಿಂತ ಅಗಲವಾಗಿ. ನಾನು ಪ್ರವಾಸಿಗಳಿಗೆ ಹಿಡಿಶಾಪ ಹಾಕುತ್ತಿದ್ದೆ.

ಈ ಮೇ ತಿಂಗಳು, ಹಿಮ ಕರಗುವ ಕಾಲವೆಂದು ಕಮರಿಯ ದಾರಿ ಮುಚ್ಚಿತ್ತು. ಒಂದು ಬೆಳಿಗ್ಗೆ ಜಿನುಗು ಮಳೆಯಲ್ಲಿ ಮಜ್ಜಿಗೆಯ ಬಕೆಟ್ ಹಿಡಿದು ಹತ್ತಿದರೆ, ಇಳಿಜಾರಿನಲ್ಲಿ ಆಸ್ಗೇರ್ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿ. ನಾನು ಮೆತ್ತಿದ್ದ ಪಾಚಿಯನ್ನೆಲ್ಲ ಕಿತ್ತು ಗುಡ್ಡೆ ಹಾಕಿ, ಅಕ್ಷರಗಳ ಅಂಚನ್ನು ನೀಟಾಗಿ ಸವರುತ್ತಿದ್ದ.

“ನೀನಾ?” ಎಂದೆ. “ಮೂರು ವರ್ಷದಿಂದ ಯಾರ್‍ಯಾರಿಗೋ ಬೈಕೊಂಡು ಓಡಾಡ್ತಿದೀನಿ ನಾನು.”

“ಕೇಳಿಸ್ತಿತ್ತು,” ಎಂದ ಆಸ್ಗೇರ್, ತಲೆ ಎತ್ತದೆ. “ನಿನ್ನ ಗಂಟಲು ನಮ್ಮ ಕುರಿದೊಡ್ಡಿ ತನಕ ಬರುತ್ತೆ, ರಾನ್ವೇಗ್.”

“ನಗಿಸ್ಬೇಡ. ಇದನ್ನ ಮುಚ್ಚದಿದ್ರೆ ಈ ಬೇಸಿಗೆ ದಾರಿನೇ ತೆಗೆಯಲ್ಲ ಅಂತಿದಾರೆ ಮೇಲಿನೋರು.”

“ತೆಗೀಬೇಡಿ. ನನಗೇನು?”

“ಇದನ್ನ ನೋಡಿ ತಾನೇ ಬೇರೆಯೋರೂ ಕೆರೀತಿರೋದು?”

“ಬೇರೆಯೋರಿಗೆ ಗೋರಿ ಇದೆ. ನನಗಿರೋದು ಇದೊಂದೇ, ಅವಳ ಕೈಬರಹ.” ಕತ್ತರಿ ನಿಂತಿತು. “ಆವತ್ತು ಅವಳಿಗೆ ಚೆನ್ನಾಗಿ ಬೈದಿದ್ದೆ ಕಣೆ, ಪಾಚಿ ಹಾಳ್ಮಾಡಿದ್ಯಲ್ಲ ಅಂತ. ಕಿವಿ ಹಿಂಡಿದ್ದೆ.”

ಆಗಲೇ ನಾನು ಸುಮ್ಮನಾಗಬೇಕಿತ್ತು. ಆದರೆ ಸಿಟ್ಟು ನೆತ್ತಿಗೇರಿತ್ತು. “ಇದು ಅವಳ ಕೈಬರಹನಾ?” ಎಂದು ಫೋನ್ ತೆಗೆದು, ಹಾನಿಯ ಕಡತಕ್ಕೆಂದು ಅವಳು ಬರೆದ ವರ್ಷವೇ ತೆಗೆದಿದ್ದ ಫೋಟೋ ಹುಡುಕಿ ಅವನ ಮೂಗಿನ ಕೆಳಗೆ ಹಿಡಿದೆ.

ಫೋಟೋದಲ್ಲಿದ್ದ ಅಕ್ಷರಗಳು ಗೇಣುದ್ದ ಮಾತ್ರ. ಒಂದು ಮೇಲೆ, ಒಂದು ಕೆಳಗೆ. ಕೊನೆಯದು ಜಾಗ ಸಾಲದೆ ಕಲ್ಲೊಂದರ ಪಕ್ಕ ಮುದುಡಿಕೊಂಡಿತ್ತು. ನಮ್ಮ ಎದುರಿದ್ದವು ತೋಳುದ್ದದವು, ನೆಟ್ಟಗೆ, ಒಂದೇ ಸಮ. ವರ್ಷ ವರ್ಷವೂ ಅಂಚು ಸವರಿ ಸವರಿ ಅವನೇ ಬೆಳೆಸಿದ್ದ.

ಆಸ್ಗೇರ್ ಕನ್ನಡಕದ ಮೇಲಿನ ಹನಿ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಕೆಳಗೆ ಹೊಳೆ ಒಂದೇ ಸಮನೆ ಸದ್ದು ಮಾಡುತ್ತಿತ್ತು.

“ಇದು ನನ್ನ ಬರಹ,” ಎಂದ, ನೆಲದ ಮೇಲಿನ ಅಕ್ಷರ ಮುಟ್ಟಿ.

“ಆಸ್ಗೇರ್, ನಾನು ಏನೋ ಸಿಟ್ಟಲ್ಲಿ...”

“ಅವಳದು ಎಲ್ಲಿತ್ತು? ತೋರಿಸು. ಯಾವ ಜಾಗ?”

ಫೋಟೋದ ಕಲ್ಲನ್ನು ಗುರುತು ಹಿಡಿದು ಅಂದಾಜಿನ ಮೇಲೆ ಬೆರಳಿಟ್ಟೆ. ಅಲ್ಲಿ ಗೀರೂ ಇರಲಿಲ್ಲ, ಪಾಚಿಯೂ ಇರಲಿಲ್ಲ. ಅವನ ಅಕ್ಷರಗಳು ನುಂಗಿದ ಬರೀ ಕರಿ ಮಣ್ಣು. ಆ ಫೋಟೋ ತೋರಿಸಿದ್ದಕ್ಕಿಂತ ಕೆಟ್ಟ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ಅವನು ಕತ್ತರಿ ಬದಿಗಿಟ್ಟು, ಕೈಗವಸು ಕಳಚಿ, ಒದ್ದೆ ಮಣ್ಣಿನ ಮೇಲೆ ಅಂಗೈ ಆಡಿಸತೊಡಗಿದ.

“ಇಲ್ಲೇ ಇರ್ಬೇಕು,” ಎಂದ. “ಚಿಕ್ಕದು. ಸರಿಯಾಗಿ ನೋಡು ರಾನ್ವೇಗ್, ನಿನ್ನ ಕಣ್ಣು ಇನ್ನೂ ಚೆನ್ನಾಗಿದೆ.”

ನಾನೂ ಅವನ ಪಕ್ಕ ಮೊಣಕಾಲೂರಿ ಹುಡುಕಿದೆ.