ಕದಿರಮ್ಮನ ಬಾಯಿಗೆ ಬಂದ ಹೆಸರು

ಬೆಳಿಗ್ಗೆ ಎಂಟಕ್ಕೆಲ್ಲ ರಾಬರ್ಟ್‌ಸನ್‌ಪೇಟೆಯ ಅಂಚಿನ ಆ ಕೇರಿಯಲ್ಲಿ ನರಪಿಳ್ಳೆ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ಓಟು ನೋಡಿ! ಎದ್ದು ನಡೆಯಲಾರದ ಮುತ್ಯಾಲಮ್ಮಜ್ಜಿಯನ್ನೂ ಮೊಮ್ಮಕ್ಕಳು ಮಂಚದ ಸಮೇತ ಹೊತ್ತುಕೊಂಡು ಸ್ಕೂಲಿಗೆ ತಂದಿಳಿಸಿದ್ದರು. ಗಂಡಸರ ಸಾಲು ಒಂದು ಕಡೆ, ಹೆಂಗಸರ ಸಾಲು ಇನ್ನೊಂದು ಕಡೆ. ಇಷ್ಟು ಜನ ಇದ್ದೂ ಗಲಾಟೆ ಇಲ್ಲ. ಕದಿರಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

ಅವಳ ಮುಂದೆ ನಿಂತಿದ್ದವಳು ಸಾಹುಕಾರರ ಹೆಂಡತಿ. ಆಯಮ್ಮನ ಅಂಗಳಕ್ಕೆ ಕದಿರಮ್ಮ ಹದಿನೈದು ವರ್ಷ ಸಗಣಿ ಸಾರಿಸಿದ್ದಳು. ಹಿಂದೆ ನಿಂತ ಸೊಸೆ ಆದಿಲಕ್ಷ್ಮಮ್ಮನ ಕಿವಿಯಲ್ಲಿ ಕೇಳಿದಳು:

"ಆಯಮ್ಮಂಗೆ ಎಷ್ಟ್ ಓಟೇ?"

"ಒಂದೇ ಅತ್ತಮ್ಮ."

"ನಂಗೆ?"

"ನಿಂಗೂ ಒಂದೇ."

"ಅಯ್ಯೋ ಸಿವನೇ!" ಅಂದಳು ಕದಿರಮ್ಮ.

ಆ ಕೇರಿ ಅನ್ನೋದು ಎರಡು ಹೋಳಾಗಿತ್ತು. ಚಿನ್ನದ ಗಣಿಗೆ ಇಳಿಯುವವರೆಲ್ಲ ತೆನೆ ಕುಡುಗೋಲಿನ ಪಾರ್ಟಿ ಕಡೆ, ಅಂಗಡಿ ಇಟ್ಟವರೆಲ್ಲ ಜೋಡೆತ್ತಿನ ಪಾರ್ಟಿ ಕಡೆ. ಆಗೆಲ್ಲ ಒಂದೊಂದು ಗುರುತಿಗೆ ಒಂದೊಂದು ಪೆಟ್ಟಿಗೆ. ಚೀಟಿಯನ್ನು ಮನಸ್ಸಿಗೆ ಬಂದ ಪೆಟ್ಟಿಗೆಗೆ ಹಾಕಿದರಾಯಿತು. ಗಣಿ ಕೆಲಸದ ಗಂಡ ಕೋದಂಡಪ್ಪ ವಾರದಿಂದ ಅವಳ ತಲೆ ತಿಂದಿದ್ದ: "ಕುಡುಗೋಲಿನ ಪೆಟ್ಟಿಗೆ ಕಣೇ, ಮರ್ತೀಯ!" ಕದಿರಮ್ಮ ಆಗಲಿ ಅಂತ ತಲೆಯಾಡಿಸಿದ್ದಳು.

ಅವಳ ಸರದಿ ಬಂತು. ಮೇಜಿನ ಹಿಂದಿನ ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿದರು.

"ಕದಿರಮ್ಮ ಅಂತ ಇಬ್ಬರಿದ್ದಾರೆ. ನಿಮ್ಮ ಗಂಡನ ಹೆಸರೇನಮ್ಮ?"

ಕೆಟ್ಟಿತಲ್ಲ! ಕದಿರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮದುವೆಯಾಗಿ ಇಪ್ಪತ್ತೇಳು ವರ್ಷ, ಗಂಡನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಅಂತ ಅವಳ ಅವ್ವ ಹೇಳಿ ಕಳಿಸಿದ್ದಳು. ದಿನಾ ಗಣಿಯ ಬಾವಿಗೆ ಇಳಿದು ಹತ್ತುವ ಗಂಡನನ್ನು ಕಟ್ಟಿಕೊಂಡವಳು ಅಂಥ ಮಾತನ್ನು ಹಗುರ ಮಾಡುವುದುಂಟೆ? ಕೋದಂಡರಾಮನ ಗುಡಿಗೆ ಹೋದರೂ "ಬಿಲ್ಲಿನ ಸಾಮಿ" ಅಂತಲೇ ಕೈ ಮುಗಿಯುತ್ತಿದ್ದಳು.

"ನಮ್ಮನೆಯೋರು... ಸೀನನ ಅಪ್ಪ," ಅಂದಳು.

"ಅದು ಆಗಲ್ಲಮ್ಮ, ಹೆಸರು ಬೇಕು. ಏಜೆಂಟರೇ, ಈಕೆಯ ಗುರುತು ನಿಮಗೆ ಯಾರಿಗಾದರೂ ಇದೆಯೇ?"

ಕುಡುಗೋಲಿನ ಏಜೆಂಟು ಟೀ ಕುಡಿಯಲು ಎದ್ದು ಹೋಗಿದ್ದ. ಜೋಡೆತ್ತಿನ ಏಜೆಂಟು ಶ್ರೀರಾಮಪ್ಪ ಮಾತ್ರ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಪಕ್ಕದ ಬೀದಿಯವನು. ಅವಳ ಕೈಯ ಮಜ್ಜಿಗೆ ಎಷ್ಟು ಚೊಂಬು ಕುಡಿದಿದ್ದನೋ ಅವನಿಗೇ ಲೆಕ್ಕವಿಲ್ಲ. ಗಣಿಯವರ ಮನೆಯ ಒಂದು ಓಟು ತಪ್ಪಿದರೆ ಅಷ್ಟೇ ಲಾಭ ಅಂದುಕೊಂಡು, "ಈಯಮ್ಮ ಯಾರೋ ಏನೋ, ನಂಗೆ ಗುರ್ತಿಲ್ಲ ಸಾರ್," ಅಂದುಬಿಟ್ಟ. ಅವನ ನಾಲಿಗೆಗೆ ಹುಳ ಬೀಳ!

ಆದಿಲಕ್ಷ್ಮಮ್ಮ ಹಿಂದಿನಿಂದ ಚಡಪಡಿಸಿದಳು. ಅವಳಾದರೂ ಏನು ಮಾಡಿಯಾಳು, ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲವಲ್ಲ. ಸಾಲಿನಲ್ಲಿ ಬೇರೆ ಯಾರೋ ಬಾಯಿ ತೆಗೆದರು. ಅಧಿಕಾರಿ ಕೈ ಎತ್ತಿದರು.

"ಯಾರೂ ಹೇಳಿಕೊಡಬಾರದು! ಬೆಳಿಗ್ಗೆ ಒಬ್ಬಳು ಇನ್ನೊಬ್ಬಳ ಓಟು ಹಾಕಿ ಹೋಗಿದ್ದಾಳೆ. ಹೇಳ್ತೀಯೇನಮ್ಮ? ಇಲ್ಲಾಂದ್ರೆ ಪಕ್ಕಕ್ಕೆ ಸರಿ, ಓಟು ಇಲ್ಲ."

ಓಟು ಇಲ್ಲ. ಆ ಮಾತು ಕದಿರಮ್ಮನ ಎದೆಗೆ ನಾಟಿತು. ಸಾಹುಕಾರರ ಹೆಂಡತಿ ಆಗಲೇ ಚೀಟಿ ಹಿಡಿದು ಪರದೆಯ ಒಳಗೆ ಹೋಗಿದ್ದಳು. ಸರ್ಕಾರ ತನಗೂ ಅಂತ ಎತ್ತಿಟ್ಟಿದ್ದ ಆ ಒಂದು ಚೀಟಿ ಮೇಜಿನ ಮೇಲೇ ಉಳಿದುಹೋಗುವುದೇ? ಕದಿರಮ್ಮ ಕಣ್ಣು ಮುಚ್ಚಿದಳು. 'ತಪ್ಪಾಯ್ತು ಸಾಮಿ, ಅವರ ಆಯಸ್ಸು ಕಾಪಾಡು,' ಅಂತ ಮನಸ್ಸಿನಲ್ಲೇ ಗಲ್ಲ ಗಲ್ಲ ಬಡಿದುಕೊಂಡಳು. ಆಮೇಲೆ ಸೆರಗು ತೆಗೆದಳು.

"ಕೋದಂಡಪ್ಪಾ!"

ಮೆಲ್ಲಗೆ ಹೇಳೋಣ ಅಂದುಕೊಂಡಿದ್ದಳು, ಪಾಪ. ಇಷ್ಟು ವರ್ಷ ತಡೆದಿಟ್ಟದ್ದು ಒಂದೇ ಸಲ ಬಂತು. ಸ್ಕೂಲಿನ ಹೆಂಚು ಅದುರುವಂತೆ ಬಂತು.

"ಆಂ! ಬಂದೇ!" ಅಂತ ಗಂಡಸರ ಸಾಲಿನಿಂದ ಉತ್ತರ ಬಂತು. ಕೋದಂಡಪ್ಪ ಪೇಟ ಬಿಚ್ಚಿಹೋದದ್ದೂ ತಿಳಿಯದೆ ಓಡಿ ಬಂದು ಬಾಗಿಲಲ್ಲಿ ನಿಂತ. ಮುಖ ಬಿಳಿಚಿಕೊಂಡಿತ್ತು. "ಏನಾಯ್ತೇ? ಯಾರ್ಗೇನಾಯ್ತು?"

ಇವಳ ಬಾಯಲ್ಲಿ ತನ್ನ ಹೆಸರು ಬರಬೇಕಾದರೆ ಮನೆಯೇ ಬಿದ್ದಿರಬೇಕು ಅಂತ ಅವನ ಲೆಕ್ಕ.

ಅಧಿಕಾರಿ ಪಟ್ಟಿ ನೋಡಿದರು, ಗಂಡನನ್ನು ನೋಡಿದರು, ನಕ್ಕುಬಿಟ್ಟರು. "ಇನ್ನು ಬೇರೆ ಸಾಕ್ಷಿ ಬೇಡ. ಹೋಗಮ್ಮ, ಓಟು ಹಾಕು." ಶ್ರೀರಾಮಪ್ಪ ತನ್ನ ಕಾಗದಗಳಲ್ಲಿ ಏನನ್ನೋ ಹುಡುಕತೊಡಗಿದ.

ಬೆರಳಿಗೆ ಮಸಿ ಹಚ್ಚಿಸಿಕೊಂಡು, ಚೀಟಿಯನ್ನು ಕಣ್ಣಿಗೊತ್ತಿಕೊಂಡು ಕದಿರಮ್ಮ ಪರದೆಯ ಒಳಗೆ ಹೋದಳು. ಒಳಗೆ ಪೆಟ್ಟಿಗೆಗಳ ಸಾಲು, ಅವಳು, ಅಷ್ಟೇ. ಅವ್ವ ಇಲ್ಲ, ಗಂಡ ಇಲ್ಲ, ಸಾಹುಕಾರರಿಲ್ಲ. ಹುಟ್ಟಿದಾಗಿನಿಂದ ಅವಳು ಹೀಗೆ ಒಬ್ಬಳೇ ನಿಂತು ಏನನ್ನೂ ತೀರ್ಮಾನ ಮಾಡಿರಲಿಲ್ಲ. ಒಂದು ಸೀರೆಯ ಬಣ್ಣವನ್ನು ಕೂಡ. ಗರ್ಭಗುಡಿಯೊಳಗೆ ಕಾಲಿಟ್ಟಂತಾಗಿ ಅವಳ ಕಣ್ಣು ತುಂಬಿ ಬಂತು. ಗಂಡ ಹೇಳಿದ್ದು ನೆನಪಾಯಿತು, ಶ್ರೀರಾಮಪ್ಪನ ಮೋರೆಯೂ ನೆನಪಾಯಿತು. ಎರಡನ್ನೂ ಪಕ್ಕಕ್ಕಿಟ್ಟು ಇನ್ನಷ್ಟು ಹೊತ್ತು ನಿಂತಳು. ಆಮೇಲೆ ತನಗೆ ಸರಿ ಕಂಡ ಪೆಟ್ಟಿಗೆಗೆ ಚೀಟಿ ಹಾಕಿ ಕೈ ಮುಗಿದಳು. ಯಾವ ಪೆಟ್ಟಿಗೆ ಅಂತ ಕೇಳಬೇಡಿ, ಅವಳು ಈವರೆಗೆ ಯಾರಿಗೂ ಹೇಳಿಲ್ಲ.

ಮನೆಯ ದಾರಿಯಲ್ಲಿ ಯಾವಾಗಲೂ ಹತ್ತು ಹೆಜ್ಜೆ ಮುಂದಿರುವ ಕೋದಂಡಪ್ಪ ಅವತ್ತು ಅವಳ ಪಕ್ಕದಲ್ಲೇ ನಡೆದ.

"ಕುಡುಗೋಲಿಗೇ ಆಕ್ದೆ ತಾನೆ?"

"ಯೋಳಬಾರ್ದಂತೆ. ಗುಟ್ಟಂತೆ."

ಅವನು ರೇಗುತ್ತಾನೆ ಅಂತ ಕದಿರಮ್ಮ ಕಾದಳು. ಅವನು ರೇಗಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಹೊಸ ಮದುವಣಿಗನ ಹಾಗೆ ನಾಚಿಕೊಂಡು ಮೆಲ್ಲಗೆ ಅಂದ:

"ಇನ್ನೊಂದ್ ಸಲ ಕರಿಯೇ."

ಕದಿರಮ್ಮ ಸೆರಗನ್ನು ಮತ್ತೆ ಬಾಯಿಗೆ ಎಳೆದುಕೊಂಡಳು.

"ಅದುಕ್ಕಿನ್ನೂ ಐದು ವರ್ಸ ಐತೆ. ಗಟ್ಟಿಯಾಗಿರಿ, ಮುಂದ್ಲ ಓಟಿಗೆ ಕರೀತೀನಿ."