ಉಪ್ಪಿನ ವಾಸನೆ

ಸಾರು ಕುದಿ ಬಂದು ಹತ್ತು ನಿಮಿಷವಾಗಿತ್ತು. ಶಿವರಾಮ್ ಕೊಳಗದ ಮೇಲೆ ಬಗ್ಗಿ ಮೂರನೆಯ ಸಲ ಉಸಿರೆಳೆದುಕೊಂಡ. ಮುಖಕ್ಕೆ ಬಿಸಿ ಹಬೆ ಹೊಡೆಯಿತೇ ಹೊರತು ಮೂಗಿಗೆ ಏನೂ ತಾಗಲಿಲ್ಲ. ಅಲಸಂದೆ ಕಾಳು, ಬದನೆಕಾಯಿ, ಹುರಿದು ಅರೆದ ಮಸಾಲೆ, ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಉಪ್ಪು ಸಾಕೋ ಸಾಲದೋ ದೇವರಿಗೇ ಗೊತ್ತು.

ಬೇರೆ ದಿನವಾಗಿದ್ದರೆ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದ. ನಾಲಿಗೆಗೆ ಉಪ್ಪು, ಹುಳಿ, ಖಾರ ಇನ್ನೂ ತಿಳಿಯುತ್ತಿತ್ತು. ಇವತ್ತು ಪಿತೃಪಕ್ಷದ ಎಡೆ. ಹಿರಿಯರಿಗೆ ಇಡುವ ಮೊದಲು ಅಡುಗೆಗೆ ಯಾರೂ ಬಾಯಿ ಹಾಕುವಂತಿಲ್ಲ. ಅಲ್ಲಾಳಸಂದ್ರದ ಮುನಿನಾರಾಯಣಮ್ಮನವರ ಮನೆಯಲ್ಲಂತೂ ಈ ವಿಷಯದಲ್ಲಿ ತುಟಿಪಿಟಕ್ಕೆನ್ನುವ ಹಾಗಿರಲಿಲ್ಲ. ಸುತ್ತಿನ ಹಳೇ ಮನೆಗಳವರು ಎಡೆ ಅಡುಗೆಗೆ ಶಿವರಾಮನನ್ನೇ ಕರೆಸುತ್ತಿದ್ದುದು ಯಾಕೆ ಮತ್ತೆ? ರುಚಿ ನೋಡದೆ, ಬರೀ ಹಬೆಯ ವಾಸನೆಯಲ್ಲೇ ಉಪ್ಪು ಹೇಳುತ್ತಾನೆ ಎಂಬ ಹೆಸರಿಗೆ. ಆ ಹೆಸರಿನಿಂದಲೇ ಅವನ ಮನೆ ನಡೆಯುತ್ತಿತ್ತು.

ಈಗ ಹೆಸರು ಉಳಿದಿತ್ತು, ಮೂಗು ಹೋಗಿತ್ತು. ಹದಿನಾಲ್ಕು ತಿಂಗಳ ಹಿಂದೆ ಕೆಂಪಾಪುರದ ಸರ್ವಿಸ್ ರಸ್ತೆಯಲ್ಲಿ ಬೈಕು ಜಾರಿ ತಲೆ ನೆಲಕ್ಕೆ ಬಡಿದಿತ್ತು. ಹೆಲ್ಮೆಟ್ಟೇನೋ ಇತ್ತು, ಮಹಾರಾಯ ಪಟ್ಟಿ ಹಾಕಿರಲಿಲ್ಲ. ಹೊಲಿಗೆ ಬಿಚ್ಚಿದರು, ತಲೆನೋವು ಇಳಿಯಿತು, ವಾಸನೆ ಮಾತ್ರ ಮರಳಲಿಲ್ಲ. ಬಂದರೆ ಒಂದು ವರ್ಷದೊಳಗೆ ಬರಬೇಕು ಎಂದಿದ್ದರು ಡಾಕ್ಟರು. ಈ ಗುಟ್ಟು ಹೆಂಡತಿ ಯಶೋಧಾಳಿಗೊಬ್ಬಳಿಗೇ ಗೊತ್ತು. ಮದುವೆಯಾದ ಹೊಸತರಲ್ಲಿ ಅವನೇ ಆಟಕ್ಕೆಂದು ಅವಳಿಗೆ ಹಬೆಯಲ್ಲಿ ಉಪ್ಪು ಹೇಳುವ ವಿದ್ಯೆ ಕಲಿಸಿದ್ದ. ಬಿದ್ದಂದಿನಿಂದ ಅವನು ಹೋದಲ್ಲೆಲ್ಲ ಅವಳು ಜೊತೆಗೆ ಬಂದು, ಒಲೆಯ ಪಕ್ಕ ತರಕಾರಿ ಹೆಚ್ಚುತ್ತಾ ಕೂರುತ್ತಿದ್ದಳು. ಬಳೆ ಸರಿಮಾಡಿಕೊಂಡರೆ ಉಪ್ಪು ಸಾಕು ಎಂದು. ಸೆರಗಿನಿಂದ ಮುಖ ಒರೆಸಿಕೊಂಡರೆ ಇನ್ನೊಂದು ಹಿಡಿ ಬೇಕು ಎಂದು. ಹೋದ ವರ್ಷ ಇದೇ ಮನೆಯ ಎಡೆಯನ್ನು ಹಾಗೇ ದಾಟಿಸಿದ್ದರು.

ಇವತ್ತು ಈರುಳ್ಳಿ ಹೆಚ್ಚುತ್ತಿದ್ದವಳು ಅರ್ಧದಲ್ಲೇ ಹೊರಗಾದಳು. ಮುಟ್ಟಾದವರು ಆ ಮನೆಯ ಅಡುಗೆಕೋಣೆಯ ಹೊಸಿಲು ತುಳಿಯುವಂತಿಲ್ಲ. ಹಿತ್ತಿಲ ನುಗ್ಗೆಮರದ ಕೆಳಗೆ ಹೋಗಿ ಕೂತಿದ್ದಳು. ಕಿಟಕಿಯಿಂದ ಕಾಣುತ್ತಿದ್ದಳು, ಅಷ್ಟೇ.

ನಡುಮನೆಯಲ್ಲಿ ನೆಂಟರು ಎಲೆ ತೊಳೆಯುತ್ತಿದ್ದರು, ಯಾರೋ ಹೊತ್ತಾಯಿತೆಂದು ಗೊಣಗುತ್ತಿದ್ದರು. ಶಿವರಾಮ್ ಬಾಗಿಲ ಕಡೆ ಒಮ್ಮೆ ನೋಡಿ, ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು ಬಾಯಿಯ ಹತ್ತಿರ ತಂದ.

"ಶಿವರಾಮಾ, ಪಾಯ್ಸ ಸೀದೋಗೈತೆ. ವಾಸ್ನೆ ಬೀದಿಗಂಟ ಬಂದೈತೆ, ನಿಂಗೆ ಗೊತ್ತಾಗ್ಲಿಲ್ವಾ?"

ಮುನಿನಾರಾಯಣಮ್ಮ ಹೊಸಿಲಲ್ಲಿ ನಿಂತಿದ್ದರು. ಅವರ ಕಣ್ಣು ಪಕ್ಕದ ಒಲೆಯ ಮೇಲಿನ ಹೆಸರುಬೇಳೆ ಪಾಯಸದಿಂದ ಅವನ ಅಂಗೈಗೆ ಬಂತು. ಅವನ ಬೆರಳಸಂದಿಯಿಂದ ಸಾರು ಸೋರುತ್ತಿತ್ತು.

"ಬಾಯಿಗೆ ಹಾಕಿಲ್ಲ ಅಮ್ಮ," ಎಂದ ಶಿವರಾಮ್. "ನಂಗೆ ವಾಸ್ನೆ ಬರಲ್ಲ. ಬೈಕಿಂದ ಬಿದ್ದಾಗಿಂದ ಒಂದೂ ಬರಲ್ಲ."

"ಓದೊರ್ಸ ಎಂಗೆ ಮಾಡ್ದೆ ಮತ್ತೆ?"

"ಯಶೋಧಾ ಮೂಸಿ ಹೇಳ್ತಿದ್ಲು."

ಮುಗಿಯಿತು ಎಂದುಕೊಂಡ. ಸಂಜೆಯೊಳಗೆ ಮಾತು ಹುಣಸಮಾರನಹಳ್ಳಿ ಮುಟ್ಟುತ್ತದೆ, ನಾಳೆಯಿಂದ ಯಾರೂ ಕರೆಯುವುದಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಸುಸ್ತಾಗಿತ್ತು.

ಮುನಿನಾರಾಯಣಮ್ಮ ಬೈಯಲಿಲ್ಲ. ಪಾಯಸದ ಒಲೆ ಆರಿಸಿದರು, ಅವನಿಗೆ ಕೈ ತೊಳೆದುಕೊಳ್ಳಲು ಹೇಳಿದರು. ಸಾರಿನ ಕಡೆ ತಾವೂ ಒಮ್ಮೆ ಬಗ್ಗಿ, ಉಪ್ಪಿನ ವಾಸನೆ ತಮಗೆಲ್ಲಿ ತಿಳಿದೀತು ಎಂದು ಗೊಣಗಿಕೊಂಡರು. ಆಮೇಲೆ ಒಂದು ಬಟ್ಟಲಿಗೆ ಸಾರು ಬಗ್ಗಿಸಿಕೊಂಡು, ಸೆರಗು ಮುಚ್ಚಿ, ಹಿತ್ತಿಲ ಬಾಗಿಲು ತೆಗೆದು ಹೊರಟರು.

ಶಿವರಾಮ್ ಕಿಟಕಿಗೆ ಬಂದ. ಮುದುಕಿ ನುಗ್ಗೆಮರದ ಕೆಳಗೆ, ಯಶೋಧಾಳಿಂದ ಒಂದು ಮಾರು ದೂರದಲ್ಲಿ ನಿಂತು ಬಟ್ಟಲನ್ನು ಮುಂದಕ್ಕೆ ಚಾಚಿದರು.

"ಮುಟ್ಬ್ಯಾಡ. ಅಲ್ಲಿಂದ್ಲೇ ಮೂಸಿ, ಉಪ್ಪು ಸಾಕಾ ಏಳು."

ಯಶೋಧಾ ಗಾಬರಿಯಿಂದ ಅವರನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಎಲ್ಲಾ ಗೊತ್ತಾಗಿದೆ ಎಂದು ಅವಳಿಗೆ ಅರ್ಥವಾಯಿತು. ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದುಕೊಂಡಳು. ಶಿವರಾಮನೂ ಕಿಟಕಿಯ ಈಚೆ ಉಸಿರೆಳೆದುಕೊಂಡ. ಏನೂ ಬರಲಿಲ್ಲ. ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಉಪ್ಪು ತೆಗೆದುಕೊಂಡು ಕಾದ.

ಅವಳು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೊಂದು ಸಲ ಒರೆಸಿಕೊಂಡಳು.

ಉಪ್ಪು ಹೇಳುತ್ತಿದ್ದಾಳೋ, ಅಳುತ್ತಿದ್ದಾಳೋ ಶಿವರಾಮನಿಗೆ ತಿಳಿಯಲಿಲ್ಲ. ಸಾರು ಕುದಿಯುತ್ತಲೇ ಇತ್ತು, ಮುಷ್ಟಿಯಲ್ಲಿ ಉಪ್ಪು ಬೆವರಿಗೆ ಕರಗತೊಡಗಿತ್ತು.